ಏನೂ ಹಾಕದ ಟ್ಯೂಬು

ಪ್ರಯೋಗಾಲಯದವರೆಲ್ಲ ಬೆನ್ನ ಹಿಂದೆ ‘ಸಿಪ್ಪೆ ಸಾರ್’ ಎಂದು ಕರೆಯುತ್ತಿದ್ದ ಮುಖ್ಯಸ್ಥರಿಗೆ ಹಣ್ಣು ಕಂಡರೆ ತಾತ್ಸಾರ. ಮನುಷ್ಯಕುಲ ಇಷ್ಟು ಕಾಲವೂ ಅಮೃತವನ್ನು ಕಸಕ್ಕೆಸೆದು ತಿರುಳನ್ನು ಚಪ್ಪರಿಸುತ್ತ ಬಂದಿದೆ ಎಂಬುದು ಅವರ ವಾದ. ದಾಳಿಂಬೆ ಸಿಪ್ಪೆಯಲ್ಲಿರುವ ಆಂಟಿಆಕ್ಸಿಡೆಂಟು ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ, ಮಾಂಸ ಕೆಡುವುದನ್ನು ತಡೆಯುತ್ತದೆ, ಮುಖದ ಸುಕ್ಕನ್ನೂ ತಡೆದೀತು ಎನ್ನುತ್ತಿದ್ದರು. ಅವರ ಭಾಷಣವನ್ನು ತಡೆಯುವಂಥದ್ದು ಮಾತ್ರ ಇನ್ನೂ ಯಾವ ಹಣ್ಣಿನಲ್ಲೂ ಸಿಕ್ಕಿರಲಿಲ್ಲ.

ಅವರ ಕೈಕೆಳಗಿನ ಸಂಶೋಧಕಿ ದಿನವಿಡೀ ದಾಳಿಂಬೆ ಸುಲಿಯುತ್ತಿದ್ದಳು. ಸಿಪ್ಪೆ ಒಣಗಿ, ಪುಡಿಯಾಗಿ, ಅದರ ಸತ್ವ ಸೀಸೆ ಸೇರುತ್ತಿತ್ತು. ಕಾಳು ಡಬ್ಬಿಯಲ್ಲಿ ತುಂಬಿಕೊಂಡು ಅವಳ ಮನೆ ಸೇರುತ್ತಿತ್ತು.

“ಮತ್ತೆ ದಾಳಿಂಬೇನಾ?” ಅಕ್ಕ ಡಬ್ಬಿ ನೋಡಿ ಮುಖ ಸಿಂಡರಿಸುತ್ತಿದ್ದಳು. “ನಿಮ್ಮ ಸಾರ್ ಬಾದಾಮಿ ಸಿಪ್ಪೆ ಮೇಲೆ ಸಂಶೋಧನೆ ಮಾಡಬಾರ್ದಾ?”

“ಸುಮ್ನೆ ತಿನ್ನಕ್ಕಾ. ಕೆಲಸ ಹೋದ್ರೆ ಇದೂ ಸಿಗಲ್ಲ.”

ಅದು ತಮಾಷೆಯ ಮಾತಲ್ಲ. ಅವಳ ಕೆಲಸದ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಎಣ್ಣೆ ಗಿರಣಿಯ ಮಾಲೀಕರು ಬಂದು, ಪ್ರಯೋಗ ನೋಡಿ, ಮೆಚ್ಚಿ ನೆರವು ಕೊಟ್ಟರೆ ಮಾತ್ರ ಮುಂದುವರಿಕೆ.

ಪ್ರಯೋಗ ಸರಳವಾದದ್ದು. ಎಣ್ಣೆ ಕೆಡಿಸುವ ಪೋಕರಿ ಕಣಗಳ ಪಾತ್ರವನ್ನು ಒಂದು ನೇರಳೆ ದ್ರಾವಣ ವಹಿಸುತ್ತದೆ. ಸಿಪ್ಪೆಯ ಸತ್ವ ಬಿದ್ದರೆ ಅದರ ಕೊಬ್ಬು ಕರಗಿ, ಬಣ್ಣ ತಿಳಿಹಳದಿಗೆ ಇಳಿಯುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಹಾಕದ ಟ್ಯೂಬೊಂದು ಇರಬೇಕು, ಅದು ನೇರಳೆಯಾಗಿಯೇ ಉಳಿಯಬೇಕು. ಆದರೆ ಆ ದ್ರಾವಣಕ್ಕೆ ಬೆಳಕು ಆಗಿಬರುವುದಿಲ್ಲ. ಹೆಚ್ಚು ಹೊತ್ತು ಬಿಸಿಲು ಬಿದ್ದರೆ ತಾನಾಗಿಯೇ ಬಣ್ಣ ಕಳೆದುಕೊಂಡು ಹಳದಿಗೆ ತಿರುಗುತ್ತದೆ. ಅದಕ್ಕೇ ಮಾಲೀಕರು ಬರಲಿದ್ದ ದಿನ ಅವಳು ಬೆಳಿಗ್ಗೆ ಎರಡು ಟ್ಯೂಬಿಗೆ ಸತ್ವ ಹಾಕಿ, ಮೂರನೆಯದನ್ನು ಹಾಗೇ ಬಿಟ್ಟು, ಮೂರಕ್ಕೂ ಕಪ್ಪು ಕಾಗದ ಸುತ್ತಿ, ಕಿಟಕಿಗೆ ಪರದೆ ಎಳೆದಿದ್ದಳು.

ಸಿಪ್ಪೆ ಸಾರ್ ಹೊಸ ಕೋಟು ತೊಟ್ಟು ಒಳಗೆ ಬಂದರು. “ಇದೇನಮ್ಮಾ, ಕಳ್ಳರಿಗೆ ಮುಸುಕು ಹಾಕಿ ನಿಲ್ಲಿಸಿದ ಹಾಗಿದೆ. ತೆಗಿ ತೆಗಿ.”

“ಸಾರ್, ಬೆಳಕು ಬಿದ್ರೆ...”

“ಬೆಳಕು ಬಿದ್ರೆ ನಾನು ಚೆನ್ನಾಗಿ ಕಾಣ್ತೀನಿ. ಫೋಟೋದವನೇ ಹೇಳಿದ್ದಾನೆ.” ಕಾಗದವನ್ನು ತಾವೇ ಬಿಚ್ಚಿ, ಪರದೆಯನ್ನು ಸರ್ರನೆ ಸರಿಸಿದರು.

ಮಾಲೀಕರು ಬರುವಷ್ಟರಲ್ಲಿ ಮಧ್ಯಾಹ್ನ. ಅಷ್ಟು ಹೊತ್ತೂ ಬಿಸಿಲು ಮೇಜಿನ ಮೇಲೆ ಕಾಲು ಚಾಚಿ ಮಲಗಿತ್ತು. ಸಾರ್ ಮನುಷ್ಯಕುಲದಿಂದಲೇ ಶುರು ಮಾಡಿದರು. ಆಕಳಿಕೆ ನುಂಗಿ ನುಂಗಿ ಬೇಸತ್ತ ಮಾಲೀಕರು ಟ್ಯೂಬುಗಳತ್ತ ತಿರುಗಿದರು. ಅವಳೂ ಆಗಲೇ ನೋಡಿದ್ದು. ಮೂರೂ ತಿಳಿಹಳದಿ.

“ಈ ಮೂರನೇದಕ್ಕೆ ಎಷ್ಟು ಹಾಕಿದ್ದೀಯಮ್ಮ?”

ಸಾರ್ ಕಣ್ಣಿನಲ್ಲೇ ಏನೋ ಹೇಳಲು ಹೆಣಗಿದರು. ತಕ್ಷಣಕ್ಕೆ ಅವಳಿಗೆ ಸುಳ್ಳು ಹೊಳೆಯಲಿಲ್ಲ.

“ಏನೂ ಹಾಕಿಲ್ಲ.”

“ಪುಡಿ ಗಿಡಿ?”

“ಇಲ್ಲ.”

ಮಾಲೀಕರು ಮೊದಲ ಸಲ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅಂದ್ರೆ ಏನೂ ಹಾಕದೇನೇ ಅದೇ ಕೆಲಸ ಆಗಿದೆ. ಸಿಪ್ಪೆ ಆದ್ರೆ ತರಿಸ್ಬೇಕು, ಒಣಗಿಸ್ಬೇಕು, ಅರೀಬೇಕು. ಇದಕ್ಕೆ ಆ ರಗಳೇನೇ ಇಲ್ವಲ್ಲ ಸಾರ್.”

ಬಿಸಿಲಿಗೆ ಹೀಗಾಯಿತು ಎನ್ನಲು ಒಂದೇ ವಾಕ್ಯ ಸಾಕಿತ್ತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸಾರ್ ಚೇತರಿಸಿಕೊಂಡಿದ್ದರು.

“ಅದು ನಮ್ಮ ಮುಂದಿನ ಹಂತ,” ಎಂದರು ತಗ್ಗಿದ ದನಿಯಲ್ಲಿ. “ಗುಟ್ಟಾಗಿಟ್ಟಿದ್ವಿ. ಮನುಷ್ಯಕುಲ ಸುಮ್ನೆ ಸಿಪ್ಪೆಗೆ ಗಂಟುಬಿದ್ದಿದೆ.”

“ಇದನ್ನ ನೋಡ್ಕೊಳ್ಳೋರು ಯಾರು?”

“ಇವಳೇ. ವರ್ಷಗಟ್ಟಲೆ ಮಾಡೋ ಕೆಲಸ. ಅಲ್ವೇನಮ್ಮಾ?”

ಅವಳ ಬಾಯಿ ತೆರೆದೇ ಇತ್ತು. ಅದನ್ನು ಮುಚ್ಚಿಕೊಂಡು ತಲೆಯಾಡಿಸಿದಳು. ಫೋಟೋದವನು ಆ ಕ್ಷಣವನ್ನೇ ಹಿಡಿದ. ಬೆಳಕು ನಿಜಕ್ಕೂ ಚೆನ್ನಾಗಿತ್ತು.

ಸಂಜೆ ಅಕ್ಕ ಖಾಲಿ ಡಬ್ಬಿಯನ್ನು ಅಲುಗಾಡಿಸಿ ನೋಡಿದಳು. “ಕೆಲಸ ಹೋಯ್ತಾ?”

“ಕೆಲಸ ಉಳೀತು. ಹಣ್ಣು ಹೋಯ್ತು.”

“ಹಾಗಾದ್ರೆ ಇನ್ಮೇಲೆ ಅಲ್ಲಿ ಏನು ಮಾಡ್ತೀಯೇ?”

ಅವಳು ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ, ಏನೂ ಹಾಕದ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಕಿಟಕಿಯ ಪರದೆ ಸರಿಸಿದಳು.