ಹತ್ತು ದಿನದ ಬಹರೈನ್

“ಈಗ ನಾನು ಮೇಡಂ,” ಎಂದು ಡುಲ್ಸಿನ್ ಕಾಲ ಮೇಲೆ ಕಾಲು ಹಾಕಿ ಕುರ್ಚಿಯಲ್ಲಿ ಕುಳಿತಳು. “ನೀವು ಏರ್‌ಪೋರ್ಟಿನಿಂದ ಈಗಷ್ಟೇ ಬಂದದ್ದು. ನಾನು ಮೊದಲು ಎಂತ ಕೇಳ್ತೇನೆ?”

“ಪಾಸ್‌ಪೋರ್ಟ್,” ಎಂದರು ಬೆಂಚಿನಲ್ಲಿದ್ದ ಆರು ಹೆಂಗಸರು.

“ಹಾಂ. ಕೇಳಿದ ಕೂಡಲೇ ಕೊಡಬೇಕು. ಮುಖದಲ್ಲಿ ನಗು ಇರಬೇಕು. ಬಾ ರಾಚವ್ವ, ನೀನು ಮಾಡಿ ತೋರಿಸು.”

ರಾಚವ್ವ ಎದ್ದು ಬಂದಳು. ಪಾಸ್‌ಪೋರ್ಟಿನ ಬದಲಿಗೆ ಅವಳ ಕೈಯಲ್ಲಿ ನೀಲಿ ರಟ್ಟಿನ ನೋಟುಪುಸ್ತಕವಿತ್ತು. ಡುಲ್ಸಿನ್ ಕೈ ಚಾಚಿದಳು. ರಾಚವ್ವ ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು.

“ಕೊಡಂಗಿಲ್ರೀ ಅಕ್ಕೋರ.”

ಊರಿನ ಶಾಲೆಯ ಟೀಚರಮ್ಮನನ್ನು ಕರೆಯುತ್ತಿದ್ದ ಹಾಗೆಯೇ ಅವಳು ಡುಲ್ಸಿನ್‌ಳನ್ನೂ ಅಕ್ಕೋರ ಎನ್ನುತ್ತಿದ್ದಳು. ಬೆಂಚಿನವರು ನಕ್ಕರು.

ಡುಲ್ಸಿನ್ ಬಹರೈನಿನ ಒಂದೇ ಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಕಾಪುವಿಗೆ ಮರಳಿದವಳು. ಗಲ್ಫಿಗೆ ಜನ ಕಳಿಸುವ ಏಜೆಂಟ್ ಅಲೆಕ್ಸಾಂಡರ್ ಕಡಿಯಾಳಿಯಲ್ಲೊಂದು ಮಾಳಿಗೆ ಕೋಣೆ ಹಿಡಿದು, ಮನೆಗೆಲಸಕ್ಕೆ ಹೊರಟ ಹೆಂಗಸರಿಗೆ ಹತ್ತು ದಿನ ಪಾಠ ಹೇಳಲು ಅವಳನ್ನು ಇಟ್ಟುಕೊಂಡಿದ್ದ. ವಾಷಿಂಗ್ ಮೆಷಿನ್ ತಿರುಗಿಸುವುದು, ಉಪವಾಸದ ತಿಂಗಳಲ್ಲಿ ಮನೆಯವರೆದುರು ನೀರು ಕುಡಿಯದಿರುವುದು, ಸೋಫಾದ ಮೇಲೆ ಕೂರದಿರುವುದು, ನಲವತ್ತು ಅರಬ್ಬಿ ಶಬ್ದ. ರಾಚವ್ವ ನಾಲ್ಕನೇ ಕ್ಲಾಸು ಓದಿದವಳು. ಶಬ್ದಗಳನ್ನು ಕನ್ನಡದಲ್ಲಿ ಬರೆದುಕೊಂಡು ಎಲ್ಲರಿಗಿಂತ ಬೇಗ ಕಲಿತಿದ್ದಳು. ಬಾದಾಮಿ ಕಡೆಯಿಂದ ಗಂಡ ಕಲ್ಲಯ್ಯನ ಜೊತೆ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಹೋದ ವರ್ಷ ಕಲ್ಲಯ್ಯ ಮೂರನೇ ಮಹಡಿಯಿಂದ ಬಿದ್ದ ಮೇಲೆ ಅವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ.

“ಕೊಡದಿದ್ದರೆ ಅಲ್ಲಿ ನಡೆಯುವುದಿಲ್ಲ ಮಾರಾಯ್ತಿ. ಎಲ್ಲರೂ ಕೊಡ್ತಾರೆ.”

“ನೀವೂ ಕೊಟ್ಟಿದ್ರೇನ್ರೀ?”

“ಕೊಟ್ಟಿದ್ದೆ.”

“ಬೇಕಂದಾಗ ತಿರುಗಿ ಕೊಟ್ಟ್ರಾ?”

ಇದಕ್ಕೆ ಡುಲ್ಸಿನ್ ಹತ್ತಿರ ಸಿದ್ಧ ಉತ್ತರವೊಂದಿತ್ತು. ನಮ್ಮ ಮೇಡಂ ನನಗೆ ಸ್ವಂತ ಅಕ್ಕನ ಹಾಗೆ ಇದ್ದಳು ಎಂದು ಪ್ರತಿ ತಂಡಕ್ಕೂ ಹೇಳುತ್ತಿದ್ದಳು. ಅದು ಸುಳ್ಳೂ ಅಲ್ಲ. ಜ್ವರ ಬಂದಾಗ ಮೇಡಂ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದಳು. ಆದರೆ ಈ ಸಲ ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಇವತ್ತಿಗೆ ಸಾಕು. ನಾಳೆ ಬನ್ನಿ,” ಎಂದು ಎದ್ದುಬಿಟ್ಟಳು.

ಮರುದಿನ ಅವಳು ಕುರ್ಚಿಯನ್ನು ಗೋಡೆಗೆ ಸರಿಸಿ, ನಿಂತುಕೊಂಡೇ ಹೇಳಿದಳು. “ತೊಂಬತ್ತಮೂರರಲ್ಲಿ ನನ್ನ ಅಮ್ಮ ತೀರಿಕೊಂಡಳು. ತಮ್ಮ ಪಾಸ್ಕಲ್ ಫೋನ್ ಮಾಡಿದ. ಪಾಸ್‌ಪೋರ್ಟ್ ಮೇಡಮ್ಮನ ಲಾಕರಿನಲ್ಲಿ. ಮೇಡಂ ಲಂಡನ್ನಿನಲ್ಲಿ, ಬೀಗದ ಕೈ ಅವಳ ಬ್ಯಾಗಿನಲ್ಲಿ. ಅವಳು ಬರುವಾಗ ಐದು ವಾರ ಆಯ್ತು. ಬಂದು ನನ್ನನ್ನು ಹಿಡಿದುಕೊಂಡು ಅತ್ತಳು. ಒಳ್ಳೆಯವಳೇ ಅವಳು. ನಾನು ಊರಿಗೆ ಮುಟ್ಟುವಾಗ ಇಗರ್ಜಿಯಲ್ಲಿ ಅಮ್ಮನ ತಿಂಗಳ ಪೂಜೆಯೂ ಮುಗಿದಿತ್ತು.”

ಡುಲ್ಸಿನ್ ಬೋರ್ಡಿನ ಮೇಲೆ ರಾಯಭಾರ ಕಚೇರಿಯ ನಂಬರು ಬರೆದಳು. ಪಾಸ್‌ಪೋರ್ಟಿನ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಮನೆಯಲ್ಲಿ ಬಿಟ್ಟು ಹೋಗಬೇಕು ಎಂದಳು. ಆಮೇಲೆ ನಲವತ್ತೊಂದನೆಯ ಅರಬ್ಬಿ ಮಾತು ಕಲಿಸಿದಳು: ‘ಜವಾಜೀ ಇಂದೀ’, ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ. ಆರೂ ಮಂದಿ ಜಪಮಣಿ ಹಿಡಿದು ತೇರ್ಸ ಹೇಳಿದ ಹಾಗೆ ಅದನ್ನು ಮತ್ತೆ ಮತ್ತೆ ಹೇಳಿದರು.

“ಹಿಂಗಂದ್ರ ಹೊರಗ ಹಾಕಂಗಿಲ್ಲೇನ್ರೀ?” ರಾಚವ್ವ ಕೇಳಿದಳು.

“ಹಾಕಬಹುದು. ನನಗೆ ಗೊತ್ತಿಲ್ಲ. ನಾನು ಯಾವತ್ತೂ ಕೇಳಲೇ ಇಲ್ಲವಲ್ಲ.”

ಸುದ್ದಿ ಅಲೆಕ್ಸಾಂಡರನ ಕಿವಿಗೆ ಬೀಳಲು ಎರಡು ದಿನ ಸಾಕಾಯಿತು. ಅವನು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಲೇ ಕೇಳಿದ: “ಡುಲ್ಸಿನ್ ಬಾಯಿ, ನಿಮಗೆ ಎಂತ ಆಗಿದೆ? ಇವರು ಅಲ್ಲಿ ಹೋಗಿ ಜಗಳ ಮಾಡಿದರೆ ನನ್ನ ಹೆಸರು ಹಾಳಾಗುವುದಲ್ವಾ?”

“ಜಗಳ ಅಲ್ಲ. ಕೇಳುವುದು.”

“ಇದು ಹೊಂದಿಕೊಳ್ಳಲಿಕ್ಕೆ ಕಲಿಸುವ ಕ್ಲಾಸು. ಕೇಳಲಿಕ್ಕೆ ಕಲಿಸುವುದಲ್ಲ.”

“ನಾನು ಹತ್ತೊಂಬತ್ತು ವರ್ಷ ಹೊಂದಿಕೊಂಡವಳೇ ಮಾರಾಯ,” ಎಂದಳು ಡುಲ್ಸಿನ್.

ಆ ತಂಡ ಮುಗಿದ ದಿನ ಅವನು ಕೋಣೆಯ ಬೀಗದ ಕೈ ವಾಪಸು ಪಡೆದ. ಆರರಲ್ಲಿ ಇಬ್ಬರು ಹೊರಡುವುದನ್ನೇ ಬಿಟ್ಟರು. ರಾಚವ್ವ ಫೆಬ್ರವರಿಯಲ್ಲಿ ಹೋದಳು. ಡುಲ್ಸಿನ್ ಕಾಪುವಿನ ಮನೆಯ ಜಗಲಿಯಲ್ಲಿ ಪಾಠ ಮುಂದುವರಿಸಿದಳು. ಒಮ್ಮೆ ಇಬ್ಬರು ಬಂದರೆ ಇನ್ನೊಮ್ಮೆ ಒಬ್ಬಳೇ.

ಮೂರು ತಿಂಗಳಾದರೂ ರಾಚವ್ವನ ಸುದ್ದಿಯಿರಲಿಲ್ಲ. ತಡೆಯಲಾರದೆ ಡುಲ್ಸಿನ್ ಮಣಿಪಾಲಕ್ಕೆ ಹೋಗಿ ಕಲ್ಲಯ್ಯನನ್ನು ಹುಡುಕಿದಳು. ಅವನೀಗ ಒಂದು ಕಟ್ಟಡದ ವಾಚ್‌ಮನ್ ಆಗಿದ್ದ. “ಒಮ್ಮೆ ಫೋನ್ ಬಂದಿತ್ರೀ. ಮೊದಲಿನ ಮನಿ ಬಿಡಿಸ್ಯಾರಂತ. ಯಾಕಂತ ಹೇಳಲಿಲ್ಲ,” ಎಂದ. ಎಡಗೈಯಲ್ಲೇ ಕುರ್ಚಿ ಎಳೆದು ಕೊಟ್ಟ. ಡುಲ್ಸಿನ್ ಕೂರಲಿಲ್ಲ. ರಾಚವ್ವನನ್ನು ಯಾಕೆ ಬಿಡಿಸಿದರೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಹೇಳುವ ಧೈರ್ಯವಾಗಲಿಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮನೆಯ ಫೋನ್ ಬಡಿದುಕೊಂಡಿತು.

“ಅಕ್ಕೋರ, ನಾ ರಾಚವ್ವ.”

“ಎಲ್ಲಿದ್ದೀ? ಎಂತ ಆಯ್ತು?”

“ಮೊದಲ್ನೇ ಮನ್ಯಾಗ ಪಾಸ್‌ಪೋರ್ಟ್ ಕೇಳಿದ್ರು. ನೀವು ಹೇಳಿಕೊಟ್ಟಂಗ ಹೇಳಿದೆ. ಆ ಮೇಡಂ ನಕ್ಕಳ್ರೀ. ಆಕಿ ಗಂಡ ನಗಲಿಲ್ಲ. ಒಯ್ದು ಇಲ್ಲಿನ ಏಜೆಂಟ್ರ ಆಫೀಸಿಗೆ ಬಿಟ್ಟ್ರು. ಒಂಬತ್ತು ದಿನ ಒಂದ ಖೋಲ್ಯಾಗ ಇದ್ದೆ.”

ಡುಲ್ಸಿನ್ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು.

“ಆಮೇಲೆ ಈ ಮನಿಗೆ ಕಳಿಸಿದ್ರು. ಇಲ್ಲಿ ಮುದುಕಿ ಅದಾಳ್ರೀ, ಆಕೀನೂ ಕೇಳಿದ್ಲು. ಮತ್ತ ಅದನ್ನ ಹೇಳಿದೆ. ಭಾಳ ಹೊತ್ತು ನನ್ನ ಮಾರಿ ನೋಡಿ, ಇಟ್ಕೋ ಅಂದ್ಲು.”

“ನನ್ನ ಮೇಲೆ ಕೋಪ ಉಂಟಾ ನಿನಗೆ?”

“ಆ ಒಂಬತ್ತು ದಿನ ಇತ್ತ್ರೀ,” ಎಂದಳು ರಾಚವ್ವ. “ಈಗಿಲ್ಲ.”

ಆಗಲೇ ಆ ಕಡೆ ಎಲ್ಲೋ ಒಳಗೆ ಮಗುವೊಂದು ಕಿರುಚಿ ಅಳತೊಡಗಿತು. “ನಿಲ್ಲ್ರೀ ಅಕ್ಕೋರ,” ಎಂದು ರಾಚವ್ವ ಫೋನನ್ನು ಎಲ್ಲೋ ಇಟ್ಟಳು. ನುಣುಪು ನೆಲದ ಮೇಲೆ ಚಪ್ಪಲಿಯ ಸದ್ದು ದೂರವಾಯಿತು. “ಬಂದೆ ನನ್ನ ರಾಜಾ, ಬಂದೆ, ಯಾರು ಹೊಡದ್ರು?” ಅಳು ನಡುನಡುವೆ ನಿಲ್ಲತೊಡಗಿತು. ಮಗು ಬಿಕ್ಕುತ್ತಾ ಅರಬ್ಬಿಯಲ್ಲಿ ಏನೋ ದೂರು ಹೇಳುತ್ತಿತ್ತು, ಪ್ರತಿ ಮಾತಿಗೂ ರಾಚವ್ವ “ಹೌದಾ? ಹೌದಾ ನನ್ನಪ್ಪಾ?” ಎನ್ನುತ್ತಿದ್ದಳು. ಡುಲ್ಸಿನ್ ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾ ಕುಳಿತಳು.