ಸೂಗಮ್ಮ ಹಿಡಿದ ಮೌನ

ಸಂಜೆಯ ಬಸ್ಸು ಇಳಿದ ಹುಲಿಗೆಮ್ಮ ಬೂಟುಗಾಲಲ್ಲೇ ಅಂಗಳಕ್ಕೆ ಓಡಿ ಬಂದು, "ಯವ್ವಾ, ಇವತ್ತ ಸಾಲ್ಯಾಗ..." ಎಂದು ಶುರು ಮಾಡಿದಳು. ಅಕ್ಕಿ ಹಸನು ಮಾಡುತ್ತಿದ್ದ ಸೂಗಮ್ಮ ಮೊರ ಪಕ್ಕಕ್ಕಿಟ್ಟು ತುಟಿಯ ಮೇಲೆ ಬೆರಳಿಟ್ಟಳು. ಆರು ವರ್ಷದ ಮಗಳ ಬಾಯಿ ಅಲ್ಲಿಗೇ ಮುಚ್ಚಿತು. ಹುಡುಗಿ ಚೀಲವನ್ನು ಗೂಟಕ್ಕೆ ಹಾಕಿ, ಕೈಕಾಲು ತೊಳೆದು ಬಂದು, ತಾಯಿ ಮುಂದಿಟ್ಟ ರೊಟ್ಟಿ ಮುರಿದುಕೊಂಡು ತಿನ್ನತೊಡಗಿದಳು.

ಸೂಗಮ್ಮ ಮಾತು ಬಿಟ್ಟಿದ್ದಾಳೆಂದರೆ ಸಾಲಗುಂದದಲ್ಲಿ ಯಾರೂ ನಂಬುತ್ತಿರಲಿಲ್ಲ. ಅಂಥ ಬಾಯಿ ಅವಳದು. ಭತ್ತದ ಸಸಿ ಹಚ್ಚಲು ಅವಳ ಸಾಲಿಗೆ ನಿಂತ ಹೆಂಗಸರಿಗೆ ಹೊತ್ತು ಇಳಿದದ್ದೇ ತಿಳಿಯುತ್ತಿರಲಿಲ್ಲ. ಮೊದಲಿನ ಎರಡು ಕೂಸು ಕೈಗೆ ಹತ್ತಲಿಲ್ಲ. ಹುಲಿಗಿಯ ದೇವಿಗೆ ಹರಕೆ ಹೊತ್ತ ಮೇಲೆ ಮೂರನೆಯದು ನಿಂತಾಗ, ಕೆಸರಿನಲ್ಲಿ ಬಾಗಿ ನಿಂತೇ ಅವಳು ಹೊಟ್ಟೆಯ ಜೊತೆ ಮಾತಾಡುತ್ತಿದ್ದಳು. "ಗಟ್ಟಿ ಹಿಡಕೋ ಬೇ, ಇನ್ನೊಂದು ಮಡಿ ಐತಿ, ಆಮ್ಯಾಲೆ ಮನಿಗೆ ಹೋಗೂನು." ಹುಟ್ಟಿದ ಮೇಲಂತೂ ಎರೆಯುವಾಗ, ಉಣಿಸುವಾಗ, ಹೇನು ನೋಡುವಾಗ, ಮಾತೋ ಮಾತು. ಮಗಳಿಗೂ ತಾಯಿಯ ಬಾಯೇ ಬಂದಿತ್ತು. ಇಬ್ಬರೂ ಕೂಡಿ ಮಾತಿಗೆ ಕುಳಿತರೆ ಗಂಡ ಯಂಕೋಬ ಎದ್ದು ಕಟ್ಟೆಗೆ ಹೋಗುತ್ತಿದ್ದ.

ಯಂಕೋಬ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ತೊಂಬತ್ತನಾಲ್ಕರ ಜೂನಿನಲ್ಲಿ ಮಗಳನ್ನು ಅಲ್ಲಿಯ ಹೊಸ ಇಂಗ್ಲಿಷ್ ಶಾಲೆಗೆ ಹಾಕಿದ. ಎರಡು ತಿಂಗಳು ಕಳೆದ ಮೇಲೆ ಶಾಲೆಯವರು ತಂದೆತಾಯಿಗಳನ್ನು ಕರೆಸಿದರು. ಮಿಸ್ಸು ಎಲ್ಲರೆದುರು ನಿಂತು, "ಮನೆಯಲ್ಲಿ ನೀವು ಕನ್ನಡ ಮಾತಾಡಿದರೆ ನಾವು ಕಲಿಸಿದ್ದೆಲ್ಲ ನೀರುಪಾಲು. ಮಕ್ಕಳ ಹತ್ತಿರ ಇಂಗ್ಲಿಷನ್ನೇ ಮಾತಾಡಿ, ಕನ್ನಡ ಬೇಡ" ಎಂದರು. ಅಂಗಡಿಯವರು, ಬ್ಯಾಂಕಿನವರು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ದೊಡ್ಡ ಜಮೀನುದಾರರು ಎಲ್ಲರೂ ತಲೆಯಾಡಿಸಿ, ಗೇಟು ದಾಟುವುದರೊಳಗೆ ಅದನ್ನು ಮರೆತರು. ಮರೆಯದವಳು ಸೂಗಮ್ಮ ಒಬ್ಬಳೇ. ಮಿಸ್ಸು ಹೇಳಿದ್ದರಲ್ಲಿ ಅರ್ಧ ಅವಳ ಕೈಲಾಗದ್ದು, ಇನ್ನರ್ಧ ಆಗುವಂಥದ್ದು. ಇಂಗ್ಲಿಷ್ ಆಡಲು ಬಾರದು, ಸರಿ; ಕನ್ನಡ ಬಿಡಲು ಬರುತ್ತದಲ್ಲ?

"ಶ್ರಾವಣದಾಗ ಮಠದ ಅಜ್ಜಾರು ತಿಂಗಳಗಟ್ಲೆ ಮೌನ ಹಿಡಿತಾರ" ಎಂದಳು ಪಕ್ಕದ ಮನೆಯ ಗುಲ್ಷನ್‌ಬೀಗೆ. "ನಾ ನನ್ನ ಮಗಳ ಸಲುವಾಗಿ ವರ್ಷದ ಪರೀಕ್ಷಾ ಮುಗಿಯೋ ತನಕ ಹಿಡದ್ರ ಏನಾಗ್ತೈತಿ? ಅಕೀ ಮುಂದ ಅಷ್ಟ ಮಾತಾಡಂಗಿಲ್ಲ."

"ಹುಚ್ಚಿ ಅದೀ ನೀ" ಎಂದಳು ಗುಲ್ಷನ್‌ಬೀ. "ನಮ್ಮ ಮನ್ಯಾಗ ಉರ್ದು ಮಾತಾಡ್ತೀವಿ. ನನ್ನ ಮಕ್ಕಳು ಕನ್ನಡ ಸಾಲಿಗೆ ಹೋಗ್ತಾವ. ಎರಡೂ ಬರ್ತಾವ ನೋಡು ಅವಕ್ಕ. ಮನಿ ಮಾತು ಬಿಡಿಸಿ ಸಾಲಿ ಮಾತು ಕಲಸ್ತಾರೇನು?"

ಕಟ್ಟೆಯ ಮೇಲೆ ಕುಳಿತಿದ್ದ ಯಂಕೋಬ ತಿರುಗಿದ. "ಗುಲ್ಷನಕ್ಕ, ನೀ ಹೇಳೂದು ಖರೇ ಇರಬಹುದು. ಎರಡನೇ ಕೂಸಿಗೆ ಜ್ವರ ಏರಿದಾಗ ದೊಡ್ಡ ದವಾಖಾನ್ಯಾಗ ನನ್ನ ಕೈಯಾಗ ಒಂದು ಚೀಟಿ ಕೊಟ್ರು. ಇಂಗ್ಲಿಷ್‌ನ್ಯಾಗ ಬರದಿದ್ರು. ಯಾವ ಬಾಗಲಕ್ಕ ಹೋಗಬೇಕು ತಿಳೀಲಿಲ್ಲ. ಕಂಡ ಕಂಡೋರಿಗೆ ತೋರಿಸಿಕೋತ ತಿರುಗಿದೆ. ಹೊಳ್ಳಿ ಬರೂದ್ರಾಗ ಕೂಸು ಹೋಗಿತ್ತು. ನನ್ನ ಮಗಳು ಹಂಗ ಚೀಟಿ ಹಿಡಕೊಂಡು ನಿಂದರಬಾರದು."

ಗುಲ್ಷನ್‌ಬೀ ಸೆರಗು ತಲೆಗೆಳೆದುಕೊಂಡು ತನ್ನ ಮನೆಗೆ ಹೋದಳು.

ಅಂದಿನಿಂದ ಆ ಮನೆಯಲ್ಲಿ ಇಂಗ್ಲಿಷಿನ ಆಳ್ವಿಕೆ ಶುರುವಾಯಿತು. ಯಂಕೋಬನಿಗೆ ಬರುತ್ತಿದ್ದದ್ದು ಏಳೆಂಟು ಶಬ್ದ. ಅದರಲ್ಲಿ ಗೇರು, ಬ್ರೇಕು, ಡೀಸೆಲ್ಲು ಮಕ್ಕಳನ್ನು ಮಾತಾಡಿಸಲು ಉಪಯೋಗವಿಲ್ಲದವು. ಊಟಕ್ಕೆ ಕುಳಿತಾಗ "ಕಮ್" ಎನ್ನುವನು, "ಸಿಟ್" ಎನ್ನುವನು, ಉಂಡಾದ ಮೇಲೆ "ಗುಡ್" ಎಂದು ಎದ್ದು ಹೋಗುವನು. ಸೂಗಮ್ಮ ಮಗಳನ್ನು ಕರೆಯಬೇಕಾದಾಗ ಚಪ್ಪಾಳೆ ತಟ್ಟುತ್ತಿದ್ದಳು. ಉಳಿದದ್ದೆಲ್ಲ ಕಣ್ಣಲ್ಲಿ, ಕೈಯಲ್ಲಿ. ಮಗಳು ಶಾಲೆಗೆ ಹೋದ ಮೇಲೆ ಹಿತ್ತಲಿಗೆ ಬಂದು, ಕಟ್ಟಿಕೊಂಡಿದ್ದ ಮಾತನ್ನೆಲ್ಲ ಎಮ್ಮೆಯ ಮುಂದೆ ಬಿಚ್ಚುತ್ತಿದ್ದಳು. ಮಗಳು ಮಲಗಿದ ಮೇಲೆ ಅವಳ ಹಣೆ ನೇವರಿಸುತ್ತ ಬಾಯಿ ತೆರೆದು, ಎಲ್ಲಿ ಎಚ್ಚರವಾದೀತೋ ಎಂದು ಮುಚ್ಚಿಕೊಳ್ಳುತ್ತಿದ್ದಳು. ಕಷ್ಟವಾಗುತ್ತಿತ್ತು, ಬಹಳ ಕಷ್ಟವಾಗುತ್ತಿತ್ತು. ಆದರೆ ಕೂಸಿಗಾಗಿ ಕಷ್ಟಪಡುವುದು ಅವಳಿಗೆ ಹೊಸದಾಗಿರಲಿಲ್ಲ.

ಹುಲಿಗೆಮ್ಮ ಮೊದಮೊದಲು ಅತ್ತಳು, ಸೆರಗು ಹಿಡಿದು ಜಗ್ಗಿದಳು. ಆಮೇಲೆ ಸುಮ್ಮನಾದಳು. "ನೋಡಿದೇನು, ಎಷ್ಟು ಶಾಣ್ಯಾ ಆಗ್ಯಾಳ" ಎಂದು ಯಂಕೋಬ ಹಿಗ್ಗಿದ.

ರವಿವಾರಕ್ಕೊಮ್ಮೆ ತಲೆಗೆ ಎರೆದು, ಬೆಚ್ಚಗಿನ ಎಣ್ಣೆಯನ್ನು ಮಗಳ ಎರಡೂ ಕಿವಿಗೆ ಬಿಡುವುದು ಸೂಗಮ್ಮನ ರೂಢಿ. ದಸರೆಯ ಹಿಂದಿನ ರವಿವಾರ ಎಡಗಿವಿಗೆ ಬಟ್ಟಲು ತರುತ್ತಲೇ ಹುಡುಗಿ ಕೈ ಅಡ್ಡ ಹಿಡಿದು ಹಿಂದೆ ಸರಿದಳು. ಮೊದಲಿನ ಸೂಗಮ್ಮ ಆಗಿದ್ದರೆ, ಯಾಕವ್ವ, ಏನಾತು, ಎಲ್ಲಿ ನೋವು ಎಂದು ನೂರು ಸಲ ಕೇಳುತ್ತಿದ್ದಳು. ಈಗ ಕಣ್ಣು ದೊಡ್ಡದು ಮಾಡಿ, ತಲೆಯನ್ನು ತೊಡೆಗೆ ಅದುಮಿ ಎಣ್ಣೆ ಬಿಟ್ಟಳು. ಕೂಸು ಹಲ್ಲು ಕಚ್ಚಿಕೊಂಡುಬಿಟ್ಟಿತು. ಮರುದಿನ ಮಗಳು ಮಲಗಿದ್ದ ಕೌದಿಯ ಮೇಲೆ ಹಳದಿ ಕಲೆ ಇತ್ತು. ಎಣ್ಣೆಯದೇ ಎಂದು ಒಗೆದು ಹಾಕಿದಳು. ಆಮೇಲಿನ ವಾರಗಳಲ್ಲೂ ಒಗೆದು ಹಾಕಿದಳು.

ದೀಪಾವಳಿ ಕಳೆದು ತಿಂಗಳಾದ ಮೇಲೆ ಒಂದು ಸಂಜೆ ಗುಲ್ಷನ್‌ಬೀ ನೀರಿಗೆ ಬಂದವಳು ಕೊಡ ಇಳಿಸಿ ನಿಂತಳು. ಅಂಗಳದ ನಡುವೆ ಹುಲಿಗೆಮ್ಮ ಕುಂಟಾಬಿಲ್ಲೆ ಆಡುತ್ತಿದ್ದಳು. ಸೂಗಮ್ಮ ಕೊಟ್ಟಿಗೆಯ ಕಡೆಯಿಂದ ಚಪ್ಪಾಳೆ ತಟ್ಟಿದಳು. ಹುಡುಗಿ ಬೀದಿಯ ಕಡೆ ತಿರುಗಿ ನೋಡಿದಳು. ಇನ್ನೊಮ್ಮೆ ತಟ್ಟಿದಳು. ಮತ್ತೆ ಬೀದಿಯ ಕಡೆಗೇ.

"ಸೂಗಮ್ಮಾ, ನೀ ಇತ್ಲಾಗಿಂದ ಕರದ್ರ ಅದು ಅತ್ಲಾಗ ನೋಡಾಕತ್ತೈತಿ" ಎಂದಳು ಗುಲ್ಷನ್‌ಬೀ. ಹುಡುಗಿಯ ಎಡಮಗ್ಗುಲಿಗೆ ಹೋಗಿ ನಿಂತು, ಕಿವಿಯ ಹತ್ತಿರ ಮೆಲ್ಲಗೆ ಹೆಸರು ಕರೆದಳು. ಹುಲಿಗೆಮ್ಮ ಬಿಲ್ಲೆ ಎಸೆದು ಕುಂಟುತ್ತಲೇ ಇದ್ದಳು.

"ಹುಲಿಗೀ!" ಸೂಗಮ್ಮ ಚೀರಿದಳು. ನಾಲ್ಕು ತಿಂಗಳ ನಂತರ ಕೇಳಿದ ಆ ದನಿಗೆ ಮಗಳು ಬೆಚ್ಚಿಬಿದ್ದು ಕೈಯಿಂದ ಮುಖ ಮುಚ್ಚಿಕೊಂಡಳು, ಹೊಡೆತ ಬೀಳುತ್ತದೆಂಬಂತೆ.

ಲಿಂಗಸುಗೂರಿಗೆ ಗುರುವಾರಕ್ಕೊಮ್ಮೆ ಕಿವಿಯ ಡಾಕ್ಟರು ಬರುತ್ತಾರೆಂದು ಯಾರೋ ಹೇಳಿದರು. ಗಿರಣಿಯಲ್ಲಿ ಸುಗ್ಗಿಯ ಹೊತ್ತು, ಯಂಕೋಬನಿಗೆ ಬಿಡುವು ಕೊಡಲಿಲ್ಲ. ಸೂಗಮ್ಮನೇ ಮಗಳನ್ನು ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಎಷ್ಟೋ ಸಲ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು?

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಎಷ್ಟು ದಿವಸದಿಂದ ಕೀವು ಸೋರಾಕತ್ತೈತಿ?"

ಸೂಗಮ್ಮ ಮಗಳ ಕಿವಿಯ ಕಡೆ ಬಗ್ಗಿ ನೋಡಿದಳು.

"ತಾಯಿ ಆಗಿ ಗೊತ್ತಿಲ್ಲೇನಮ್ಮ? ನೀ ಹೇಳು ಪುಟ್ಟಿ."

ಹುಲಿಗೆಮ್ಮ ತಾಯಿಯ ಮುಖ ನೋಡಿದಳು. ಸೂಗಮ್ಮ ಹೂಂ ಎಂದು ತಲೆಯಾಡಿಸಿದಳು. ಆದರೂ ಹುಡುಗಿ ಡಾಕ್ಟರ ಹತ್ತಿರ ಬಾಗಿ ಪಿಸುಗುಟ್ಟಿದಳು. "ದಸರಾ ಸೂಟಿಗಿಂತ ಮೊದ್ಲಿಂದ ರೀ. ಭಾಳ ನೋಯ್ತಿತ್ತು. ಮಿಸ್‌ಗೆ ಹೇಳಿದ್ನಿ ರೀ. ಕನ್ನಡದಾಗ ಹೇಳಿದ್ನಿ ಅಂತ ಶಿಕ್ಷಾ ಕೊಟ್ಟು ಕೊಳ್ಳಾಗ ಹಲಗಿ ಹಾಕಿದ್ರು."

"ನಿಮ್ಮವ್ವಗರ ಹೇಳಬೇಕಿತ್ತಿಲ್ಲ?"

"ಅವ್ವಗ ಹೇಳಾಕ ನನಗ ಇಂಗ್ಲಿಷ್ ಬರಲಿಲ್ಲ ರೀ."

ಡಾಕ್ಟರು ದೀಪ ಆರಿಸಿದರು. ಕೀವು ನಿಲ್ಲಲು ಔಷಧ ಕೊಡುತ್ತೇನೆ, ನೀರು, ಎಣ್ಣೆ ಒಂದು ಹನಿಯೂ ಒಳಗೆ ಹೋಗಕೂಡದು, ಬಲಗಿವಿಯನ್ನು ಜೋಪಾನ ಮಾಡಿರಿ ಎಂದರು. ಎಡಗಿವಿಯ ಮಾತು ಸೂಗಮ್ಮನೇ ಕೇಳಬೇಕಾಯಿತು.

"ಅದು ಇನ್ನ ಕೇಳಂಗಿಲ್ಲಮ್ಮ. ಕೀವು ಒಳಗಿನ ನರಕ್ಕೂ ಇಳದೈತಿ. ಒಂದು ತಿಂಗಳು ಮೊದ್ಲ ಬಂದಿದ್ರ ಉಳೀತಿತ್ತು."

ಹೊರಗೆ ಬಂದ ಸೂಗಮ್ಮ ದವಾಖಾನೆಯ ಗೋಡೆಗೆ ಹಣೆಯೊತ್ತಿ ಅತ್ತಳು. ಎರಡು ಕೂಸನ್ನು ಜ್ವರ ಒಯ್ದಾಗ ದೇವರನ್ನು ಬೈದಿದ್ದಳು. ಈಗ ಬೈಯಲು ಯಾರೂ ಸಿಗಲಿಲ್ಲ. ಮಿಸ್ಸನ್ನು ಬೈದು ನೋಡಿದಳು, ಗಂಡನನ್ನು ಬೈದು ನೋಡಿದಳು. ಎಣ್ಣೆ ಬಿಟ್ಟ ಕೈ ಮಾತ್ರ ತನ್ನದೇ ಆಗಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಹುಲಿಗೆಮ್ಮ ಕಿಟಕಿಯ ಪಕ್ಕ ಕುಳಿತಳು. ಲಿಂಗಸುಗೂರು ದಾಟುತ್ತಲೇ ಸೂಗಮ್ಮ ಬಾಯಿ ಬಿಟ್ಟಳು. "ಹುಲಿಗಿ, ನನ್ನವ್ವ, ಇನ್ನ ನಾ ಸುಮ್ಮನಿರಂಗಿಲ್ಲ ಬೇ. ಆ ಎಮ್ಮಿ ಕರು ಐತೆಲ್ಲ, ಅದರ ಸುದ್ದಿ ನಿನಗ ಹೇಳೇ ಇಲ್ಲ..." ನಾಲ್ಕು ತಿಂಗಳ ಮಾತುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ಮಗಳು ಹೊರಗಿನ ತೊಗರಿ ಹೊಲ ನೋಡುತ್ತ ಕುಳಿತೇ ಇದ್ದಳು. ಮಸ್ಕಿಯ ಗುಡ್ಡ ಕಂಡಾಗ ಸೂಗಮ್ಮನಿಗೆ ಹೊಳೆಯಿತು: ತನ್ನ ಕಡೆಗಿರುವುದು ಎಡಗಿವಿ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಸೂಗಮ್ಮ ಎದ್ದು, ಮಗಳನ್ನು ಎತ್ತಿ ಇತ್ತ ಕೂರಿಸಿ, ತಾನು ಕಿಟಕಿಯ ಕಡೆ ಕುಳಿತಳು. ಬಲಗಿವಿಯ ಹತ್ತಿರ ಬಾಗಿದಳು.

"ಯವ್ವ, ಹುಲಿಗಿ, ನನ್ನ ಬಂಗಾರ..."

ಹುಲಿಗೆಮ್ಮ ಗಾಬರಿಯಾಗಿ ಹಿಂದೆ ಮುಂದೆ ನೋಡಿದಳು. ಸೀಟುಗಳ ತುಂಬ ಜನ; ಅವ್ವ ಕನ್ನಡ ಆಡಿದ್ದನ್ನು ಯಾರಾದರೂ ಕೇಳಿಸಿಕೊಂಡರೆ? ಅವಳು ತಾಯಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ತುಟಿಗಳ ಮೇಲೆ ಪುಟ್ಟ ಬೆರಳಿಟ್ಟಳು. ಬಸ್ಸು ಹೊರಟಿತು. ಮಸ್ಕಿಯ ಕೊನೆಯ ಮನೆಗಳು ಹಿಂದೆ ಉಳಿದವು, ಮಗಳು ಆ ಬೆರಳನ್ನು ತೆಗೆಯಲಿಲ್ಲ.