ಕಾಲಡಿಯ ನೆರಳು

ಸಂಜೆ ಐದರೊಳಗೆ ಜಾಗ ಖಾಲಿ ಮಾಡಿ ಎಂದು ಗಡುವು ಕೊಟ್ಟಿದ್ದ ನಗರಸಭೆಯವರು, ಮಟಮಟ ಮಧ್ಯಾಹ್ನವೇ ಬುಲ್ಡೋಜರ್ ತಂದು ಗಿರಣಿ ಕೆಲಸಗಾರರ ಸಾಲುಮನೆಗಳನ್ನು ಕೆಡವಿದರು. ಒಲೆಗಳು ಇನ್ನೂ ಉರಿಯುತ್ತಿದ್ದವು.

ಆ ಘನಕಾರ್ಯದ ಫೋಟೋ ತೆಗೆಯಲು ಅವರು ಕರೆಸಿದ್ದು ಸ್ಟುಡಿಯೋ ಮಾಲೀಕ ಮೀಟರಣ್ಣನನ್ನು. ಬೆಳಕು ಅಳೆಯುವ ಮೀಟರನ್ನು ಪದಕದಂತೆ ಎದೆಗೆ ಇಳಿಬಿಟ್ಟುಕೊಂಡು ತಿರುಗುವುದರಿಂದ ಆ ಹೆಸರು. ಅದರ ಮುಳ್ಳು ಸತ್ತು ಯಾವ ಕಾಲವಾಗಿತ್ತೋ! ಆದರೂ ಗಿರಾಕಿಯ ಮೂಗಿನ ಮುಂದೆ ಅದನ್ನು ಹಿಡಿದು, ಕಣ್ಣು ಕಿರಿದು ಮಾಡಿ, "ಹೂಂ" ಎನ್ನದೆ ಮಹಾಶಯ ಕ್ಯಾಮೆರಾ ಮುಟ್ಟಿದವನಲ್ಲ. ಸ್ಟುಡಿಯೋದಲ್ಲಿ ದೀಪಗಳು ಇದ್ದಲ್ಲೇ ಇರುತ್ತವೆ, ಹೇಗೋ ನಡೆದಿತ್ತು. ಬಯಲಿಗೆ ಬಂದ ದಿನ ಬಂಡವಾಳ ಬಯಲಾಯಿತು. ಅತ್ತ ಗೋಡೆಗಳು ಉರುಳುತ್ತಿದ್ದರೆ ಇತ್ತ ಇವನು ಮೀಟರ್ ಕುಟ್ಟುತ್ತ ನಿಂತ.

"ಕೊಡೋ ಇಲ್ಲಿ!" ಜೊತೆಗೆ ಬಂದಿದ್ದ ತಂಗಿ ಕ್ಯಾಮೆರಾ ಕಿತ್ತುಕೊಂಡಳು. ಸ್ಟುಡಿಯೋದ ಡಾರ್ಕ್ ರೂಮ್ ಕೆಲಸವೆಲ್ಲ ಅವಳದೇ.

"ಲೇ, ಬೆಳಕೆಷ್ಟಿದೆ ಅಂತ ಗೊತ್ತಾಗ್ಬೇಡ್ವಾ?"

"ನಿನ್ನ ಕಾಲಡಿ ಬಿದ್ದಿದೆಯಲ್ಲ, ನೋಡ್ಕೋ."

ಅವನ ಬುಡದಲ್ಲಿ ನೆರಳು ಗಿಡ್ಡಕ್ಕೆ, ಕತ್ತರಿಯಲ್ಲಿ ಕತ್ತರಿಸಿದಂಥ ಅಂಚಿನೊಂದಿಗೆ ಬಿದ್ದಿತ್ತು. ಅಂಥ ನೆರಳಿಗೆ ಲೆನ್ಸಿನ ಕಿಂಡಿ ಹದಿನಾರು; ಶಟರಿನ ವೇಗ ಫಿಲ್ಮ್ ಡಬ್ಬಿಯ ಮೇಲಿನ ಸಂಖ್ಯೆಯ ಆಸುಪಾಸು. ಧೂಳೆದ್ದು ಅಂಚು ಮಸುಕಾದಾಗ ಕಿಂಡಿಯನ್ನು ಹನ್ನೊಂದಕ್ಕೆ ಅಗಲಿಸಿದಳು; ಅಂಕಿ ಇಳಿದಷ್ಟೂ ಕಿಂಡಿ ಅಗಲ. ಬಿದ್ದ ಗೋಡೆ, ಹೊಗೆಯಾಡುವ ಒಲೆ, ಸೊಂಟದ ಮೇಲೆ ಕೈಯಿಟ್ಟು ನಿಂತ ನಗರಸಭೆಯ ಸಾಹೇಬರು, ಎಲ್ಲವೂ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಬಂದವು.

ಮನೆ ಕಳೆದುಕೊಂಡವರು ಕೋರ್ಟಿಗೆ ಹೋದರು. ಗಡುವಿಗೆ ಮೊದಲೇ ಕೆಡವಿದ್ದು ರುಜುವಾದರೆ ನಗರಸಭೆಯೇ ಮನೆ ಕಟ್ಟಿಸಿಕೊಡಬೇಕು. ಆಗ ಸಾಹೇಬರಿಗೆ ಫೋಟೋಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ತಾವೇ ಸ್ಟುಡಿಯೋಕ್ಕೆ ಬಂದರು.

"ಬಿಸಿಲು ಜಾಸ್ತಿಯಾಯ್ತು ಕಣಮ್ಮ. ಸ್ವಲ್ಪ ಕಪ್ಪಗೆ ಪ್ರಿಂಟ್ ಹಾಕಿಕೊಡು. ಮುಸ್ಸಂಜೆ ಥರ."

ಮೀಟರಣ್ಣ ಸತ್ತ ಮೀಟರನ್ನು ಫೋಟೋದ ಮೇಲೆ ಹಿಡಿದ. "ಹೂಂ... ಸಾಹೇಬ್ರು ಹೇಳೋದು ಸರಿ. ಸಂಜೇನೇ ತೋರಿಸ್ತಿದೆ."

ತಂಗಿಗೆ ನಗು ತಡೆಯಲಾಗಲಿಲ್ಲ. "ಕಪ್ಪು ಮಾಡಬಹುದು ಸಾರ್. ಆದ್ರೆ ನಿಮ್ಮ ಬೂಟಿನಡಿ ಮುದುರಿ ಕೂತಿದೆಯಲ್ಲ ಈ ನೆರಳು, ಇದನ್ನ ಎಳೆದು ಉದ್ದ ಮಾಡೋರು ಯಾರು? ಸಂಜೆಯಾಗಿದ್ರೆ ಇದು ರಸ್ತೆ ದಾಟಿರ್ಬೇಕಿತ್ತು."

ಸಾಹೇಬರ ಮುಖ ಹುಳ್ಳಗಾಯಿತು. "ಹಾಗಾದ್ರೆ ಕಾಲು ಕಾಣದ ಹಾಗೆ ಕತ್ತರಿಸಿ ಹಾಕು."

"ಕೇಳಿಸ್ತಲ್ಲ?" ಅಣ್ಣ ಗದರಿದ. "ಅನ್ನ ಹಾಕೋ ಸ್ಟುಡಿಯೋ ಇದು. ನಡಿ ಒಳಗೆ."

ತಂಗಿ ನೆಗೆಟಿವ್ ಪಟ್ಟಿಗಳನ್ನು ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಕಪ್ಪಗೂ ಹಾಕಲ್ಲ, ಕತ್ತರಿಸಿಯೂ ಹಾಕಲ್ಲ. ನಿನ್ನ ಮೀಟರ್‌ಗೆ ಹೇಳು, ಹಾಕಿಕೊಡುತ್ತೆ."